ವಿದ್ಯಾರ್ಥಿಗಳೂ ಧೂಮಪಾನವೂ



ಧೂಮಪಾನವನ್ನು ಕುರಿತ ಭಾಷಣವೆಂದೊಡನೆ ತಾವು ಏನನ್ನು ನಿರೀಕ್ಷಿಸುವಿರೆಂಬುದನ್ನು ನಾನು ಬಲ್ಲೆ. ಶ್ವಾಸಕೋಶ, ಹೃದಯ, ಕ್ಯಾನ್ಸರು, ಕೆಮ್ಮು ಇವುಗಳ ಹೆಸರು ಒಂದೊಂದಾಗಿ ಬರಬೇಕು. ಕೊನೆಯಲ್ಲಿ ತರುಣರಿಗೆ ನಾಲ್ಕು ಹಿತವಚನ. ಇವೆಲ್ಲ ನಿಜವೇ, ಆದರೆ ಇವೆಲ್ಲ ನಮ್ಮ ಹುಡುಗರಿಗೆ ತಿಳಿದ ಸಂಗತಿಗಳು. ಸಿಗರೇಟಿನ ಪೊಟ್ಟಣದ ಮೇಲೆಯೇ ರೋಗದ ಚಿತ್ರವನ್ನು ಅಚ್ಚುಮಾಡಿರುತ್ತದೆ. ಅದನ್ನು ನೋಡಿಕೊಂಡೇ ಅವರು ಪೊಟ್ಟಣವನ್ನು ಬಿಚ್ಚುತ್ತಾರೆ. ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಉಪಾಧ್ಯಾಯನಾಗಿದ್ದು ಈಗ ವಿಶ್ರಾಂತನಾಗಿರುವ ನನ್ನನ್ನು ಕಾಡುವ ಪ್ರಶ್ನೆ ಬೇರೆಯದು. ಹೈಸ್ಕೂಲಿನಲ್ಲಿ ಓದುವ ಬಾಲಕನ ಕೈಗೆ ಮೊದಲನೆಯ ಬೀಡಿ ಬರುವುದು ಹೇಗೆ? ರುಚಿಗಾಗಿ ಅವನು ಅದನ್ನು ಬಯಸಿದನೆಂದು ಹೇಳುವಂತಿಲ್ಲ. ಮೊದಲ ಸಲ ಸೇದಿದವನಿಗೆ ಕೆಮ್ಮು, ಕಣ್ಣೀರು, ತಲೆಸುತ್ತು ಇವಿಷ್ಟೇ ಲಾಭ. ಹೊಗೆಸೊಪ್ಪಿನ ವಿಷ ಅವನನ್ನು ಹಿಡಿದು ನಿಲ್ಲಿಸುವುದು ಆಮೇಲೆ. ಅದಕ್ಕೆ ಮೊದಲು, ಸುಖವಿಲ್ಲದ ಆ ಪದಾರ್ಥವನ್ನು ಎರಡನೆಯ ಸಲವೂ ಮೂರನೆಯ ಸಲವೂ ಬಾಯಿಗಿಡುವಂತೆ ಮಾಡುವ ಶಕ್ತಿಯೊಂದು ಅವನ ಸುತ್ತಮುತ್ತಲೇ ಇರಬೇಕಷ್ಟೆ.

ನಾನು ಹೇಳುವುದು ನನಗೆ ಬಳಕೆಯಾದ ಸೀಮೆಯನ್ನು ಕುರಿತು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ತಾಲ್ಲೂಕುಗಳು ೨೦೦೭ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರೆಯಾಗಿ ರಾಮನಗರ ಜಿಲ್ಲೆಯೆನಿಸಿದುವು. ೨೦೨೫ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂದು ಮತ್ತೊಂದು ಹೆಸರಾಯಿತು. ಹೆಸರು ಏನೇ ಆಗಲಿ, ಬಂಡೆ ಅಲ್ಲೇ ಇದೆ, ಹಿಪ್ಪುನೇರಳೆ ತೋಟ ಅಲ್ಲೇ ಇದೆ, ಚನ್ನಪಟ್ಟಣದ ಅರಗಿನ ಬಣ್ಣದ ಬೊಂಬೆ ಅಲ್ಲೇ ಇದೆ. ಸ್ಕೂಲು ಬಿಟ್ಟೊಡನೆ ಗೂಡಂಗಡಿಯ ಮುಂದೆ ಗುಂಪುಗೂಡುವ ಹುಡುಗರೂ ಅಲ್ಲೇ ಇದ್ದಾರೆ.

ಈ ಸೀಮೆಯ ಮುಖ್ಯ ಜೀವನೋಪಾಯಗಳಲ್ಲಿ ರೇಷ್ಮೆಯೂ ಒಂದು. ರಾಮನಗರದ ಗೂಡಿನ ಮಾರುಕಟ್ಟೆ ಏಷ್ಯಾ ಖಂಡದಲ್ಲಿಯೇ ದೊಡ್ಡದೆಂದು ಹೆಸರಾದುದು. ಹುಳು ಸಾಕುವ ಮನೆಗೆ ಹೋಗಿ ನೋಡಿದವರಿಗೆ ಅಲ್ಲಿಯ ಮಡಿ ಎಂತಹುದೆಂದು ಗೊತ್ತು. ಕೈಕಾಲು ತೊಳೆಯದವರನ್ನು ಒಳಗೆ ಬಿಡರು. ಹುಳು ಜ್ವರಕ್ಕೆ ಕುಳಿತಿರುವಾಗ, ಎಂದರೆ ಪೊರೆ ಬಿಡುವ ಸಮಯದಲ್ಲಿ, ಮನೆಯವರು ಮಾತನ್ನು ಕೂಡ ತಗ್ಗಿಸಿ ಆಡುತ್ತಾರೆ. ಇನ್ನು ಹೊಗೆಸೊಪ್ಪಂತೂ ಈ ಹುಳುವಿಗೆ ಪ್ರಾಣಾಂತಿಕ. ಹೊಗೆಸೊಪ್ಪಿನ ಹೊಲದ ಪಕ್ಕದಲ್ಲಿ ಬೆಳೆದ ಹಿಪ್ಪುನೇರಳೆಯ ಎಲೆಯನ್ನು ತಿಂದರೂ ಹುಳು ವಾಂತಿಮಾಡಿ, ಹೊರಳಾಡಿ, ಸಾಯುವುದುಂಟು. ಆದುದರಿಂದ ಎಂತಹ ಬೀಡಿಯ ಭಕ್ತನಾದರೂ ಹುಳುವಿನ ಮನೆಯೊಳಗೆ ಬೆಂಕಿ ಕಡ್ಡಿ ಗೀರುವುದಿಲ್ಲ. ಹೊರಕ್ಕೆ ಬರುತ್ತಾನೆ, ಜಗುಲಿಯ ಮೇಲೆ ಕುಳಿತುಕೊಳ್ಳುತ್ತಾನೆ, ಅಲ್ಲಿ ಬೀಡಿ ಹಚ್ಚುತ್ತಾನೆ. ಅದೇ ಜಗುಲಿಯ ಇನ್ನೊಂದು ಮೂಲೆಯಲ್ಲಿ ಅವನ ಮಗ ಪುಸ್ತಕ ಬಿಡಿಸಿಕೊಂಡು ಓದುತ್ತಿರುತ್ತಾನೆ.

ಒಮ್ಮೆ ಇಂತಹ ಜಗುಲಿಯ ಮೇಲೆ ಕುಳಿತು ಆ ಮನೆಯ ಯಜಮಾನರನ್ನು ಕೇಳಿದೆ: “ಒಳಗೆ ಯಾಕೆ ಸೇದುವುದಿಲ್ಲ?” ಅವರು, “ಹುಳ ಸತ್ರೆ ಗೂಡೆಲ್ಲಿಂದ ಬತ್ತದೆ ಮೇಷ್ಟ್ರೆ?” ಎಂದರು. ಮಗನ ವಿಷಯವಾಗಿ ಎರಡನೆಯ ಪ್ರಶ್ನೆಯನ್ನು ಕೇಳಲು ನನಗೆ ಬಾಯಿ ಬರಲಿಲ್ಲ. ಬಾರದಿದ್ದುದಕ್ಕೆ ಒಂದು ಕಾರಣವುಂಟು. ಅದನ್ನು ಮುಂದೆ ಅರಿಕೆಮಾಡುತ್ತೇನೆ.

ಬಾಲಕನು ಹೊಗೆಗೆ ಮೊದಲು ಪರಿಚಿತನಾಗುವುದು ಸೇದುವವನಾಗಿ ಅಲ್ಲ, ತಂದುಕೊಡುವವನಾಗಿ. “ಲೋ ಮಗ, ಅಂಗ್ಡಿಗೋಗಿ ಒಂದು ಕಟ್ಟು ಬೀಡಿ, ಒಂದು ಬೆಂಕಿಪೊಟ್ಣ ತಗೊಂಬಾ; ಉಳಿದ ಕಾಸಿಗೆ ನೀನು ಪೆಪ್ಪರಮೆಂಟು ತಗೋ.” ಈ ಮಾತನ್ನು ಕೇಳದೆ ಬೆಳೆದ ಗಂಡುಮಗು ನಮ್ಮ ಹಳ್ಳಿಗಳಲ್ಲಿ ಎಷ್ಟು ಇದ್ದಾವು? ಇಲ್ಲಿ ಮಗುವಿಗೆ ದೊರೆತ ಪಾಠವನ್ನು ಗಮನಿಸಬೇಕು. ಬೀಡಿ ದೊಡ್ಡವರ ಪದಾರ್ಥ, ಅದನ್ನು ತರುವುದು ನಂಬಿಕೆಯ ಕೆಲಸ, ಆ ಕೆಲಸಕ್ಕೆ ಸಿಹಿಯ ಬಹುಮಾನ. ಒಲೆಯ ಬೆಂಕಿಯಿಂದ ಬೀಡಿ ಹಚ್ಚಿಕೊಂಡು ಬಾರೆಂದು ಮೊಮ್ಮಗನನ್ನು ಒಳಗೆ ಕಳುಹಿಸುವ ತಾತಂದಿರನ್ನೂ ನಾನು ಕಂಡಿದ್ದೇನೆ. ದಾರಿಯಲ್ಲಿ ಆರಿಹೋಗದಿರಲೆಂದು ಮಗು ಒಂದು ದಮ್ಮು ಎಳೆದುಕೊಂಡೇ ಹೊರಗೆ ಬರುತ್ತದೆ. ತಾತ ನಗುತ್ತಾನೆ. ಮನೆಮಂದಿಯೆಲ್ಲ ನಗುತ್ತಾರೆ. ೨೦೧೯ರಲ್ಲಿ ಭಾರತದಾದ್ಯಂತ, ೧೩ರಿಂದ ೧೫ ವಯಸ್ಸಿನ ವಿದ್ಯಾರ್ಥಿಗಳಲ್ಲಿ ತಂಬಾಕಿನ ಬಳಕೆಯನ್ನು ಕುರಿತು ನಡೆದ ಸಮೀಕ್ಷೆಯಲ್ಲಿ ತಿಳಿದುಬಂದುದೇನೆಂದರೆ, ಬೀಡಿಯ ರುಚಿ ಕಂಡವರಲ್ಲಿ ನೂರಕ್ಕೆ ೪೭ ಮಂದಿ ಅದನ್ನು ಮೊದಲು ಸೇದಿದ್ದು ಹತ್ತು ವರ್ಷ ತುಂಬುವುದಕ್ಕೆ ಮುಂಚೆ. ಹತ್ತು ವರ್ಷದ ಮಗುವಿಗೆ ಕೆಟ್ಟ ಸ್ನೇಹಿತರ ಸಹವಾಸವೆಂದು ಹೇಳಿ ನಾವು ತಪ್ಪಿಸಿಕೊಳ್ಳಲು ಆಗುವುದಿಲ್ಲ. ಆ ವಯಸ್ಸಿನಲ್ಲಿ ಅದರ ಸಹವಾಸವೆಲ್ಲ ನಮ್ಮೊಡನೆಯೇ.

ಈಗ ನನ್ನ ಅರಿಕೆ. ೧೯೮೪ರಲ್ಲಿ ಈ ನಾಲ್ಕು ತಾಲ್ಲೂಕುಗಳಲ್ಲೊಂದರ ಹೈಸ್ಕೂಲಿಗೆ ನಾನು ಉಪಾಧ್ಯಾಯನಾಗಿ ಹೋದಾಗ ದಿನಕ್ಕೆ ಏಳೆಂಟು ಸಿಗರೇಟು ಸೇದುತ್ತಿದ್ದೆ. ತರಗತಿಯಲ್ಲಿ ಸೇದುವಷ್ಟು ಕೆಟ್ಟಿರಲಿಲ್ಲ. ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಸೇದುತ್ತಿದ್ದೆ. ಅಂಗಡಿಗೆ ನಾನೇ ಹೋಗುವುದು ಉಪಾಧ್ಯಾಯನ ಗೌರವಕ್ಕೆ ಕುಂದೆಂದು ತೋರಿ, ಒಂಬತ್ತನೆಯ ತರಗತಿಯ ಒಬ್ಬ ಹುಡುಗನನ್ನು ಕಳುಹಿಸುತ್ತಿದ್ದೆ. ಚುರುಕಾದ ಹುಡುಗ, ಗಣಿತದಲ್ಲಿ ಮುಂದು. ಆದುದರಿಂದಲೇ ಅವನನ್ನು ಆರಿಸಿದೆ. ಮೇಷ್ಟ್ರಿಗೆ ಬೇಕಾದವನೆಂದು ಅವನಿಗೆ ತರಗತಿಯಲ್ಲಿ ಒಂದು ಬಗೆಯ ಮರ್ಯಾದೆಯೂ ಬಂದಿತು. ಒಂದು ವರ್ಷ ಹೀಗೆ ನಡೆಯಿತು. ಮುಂದಿನ ವರ್ಷ ಒಂದು ಸಾಯಂಕಾಲ ಸ್ಕೂಲಿನ ಹಿಂದಣ ಬಂಡೆಯ ಮರೆಯಲ್ಲಿ ಅವನು ಸೇದುತ್ತಿದ್ದುದನ್ನು ಕಂಡೆ. ಬೆತ್ತ ತರಿಸಿದೆ. ಹೊಡೆದೆ. ಅವನು ಅಳಲಿಲ್ಲ, ನನ್ನ ಅಂಗಿಯ ಜೇಬನ್ನು ಒಮ್ಮೆ ನೋಡಿದ, ಅಷ್ಟೆ. ಜೇಬಿನಲ್ಲಿ ಅಂದು ಬೆಳಿಗ್ಗೆ ಅವನೇ ತಂದುಕೊಟ್ಟ ಪೊಟ್ಟಣವಿತ್ತು.

ಇದು ನನ್ನೊಬ್ಬನ ಅಪರಾಧವೆಂದು ಹೇಳಿ ಮುಗಿಸಿಬಿಡುವಷ್ಟು ಸಣ್ಣದಾಗಿದ್ದರೆ ರೇಡಿಯೋದ ಮುಂದೆ ಹೇಳಬೇಕಾಗಿರಲಿಲ್ಲ. ಮಹಾತ್ಮ ಗಾಂಧಿಯವರು ತಮ್ಮ ಆತ್ಮಕಥೆಯಲ್ಲಿ ಬಾಲ್ಯದ ಧೂಮಪಾನವನ್ನು ಮುಚ್ಚಿಡದೆ ಹೇಳಿಕೊಂಡಿದ್ದಾರೆ. ಬಂಧುವಾದ ಒಬ್ಬ ಹುಡುಗ ಜೊತೆಗಾರ. ಮನೆಯಲ್ಲಿ ಚಿಕ್ಕಪ್ಪನಿಗೆ ಸೇದುವ ಅಭ್ಯಾಸ. ಬಾಯಿಂದ ಹೊಗೆ ಸುರುಳಿ ಸುರುಳಿಯಾಗಿ ಬರುವುದನ್ನು ನೋಡುವುದೇ ಒಂದು ಸೊಗಸು. ಚಿಕ್ಕಪ್ಪ ಸೇದಿ ಎಸೆದ ತುಂಡುಗಳನ್ನು ಆಯ್ದುಕೊಂಡದ್ದಾಯಿತು. ಅವು ಸಾಲದೆ ಆಳಿನ ಜೇಬಿನ ಕಾಸನ್ನು ಕದ್ದದ್ದಾಯಿತು. ಕಡೆಗೆ ಹಿರಿಯರ ಅಪ್ಪಣೆಯಿಲ್ಲದೆ ಏನೊಂದನ್ನೂ ಮಾಡಲಾಗದ ಬಾಳಿಗೆ ಬೇಸತ್ತು, ದತ್ತೂರಿಯ ಬೀಜ ತಿಂದು ಸಾಯುವ ಆಲೋಚನೆಯವರೆಗೆ ಹೋದರಂತೆ. ನನಗೆ ಈ ಕಥೆಯಲ್ಲಿ ಬಹು ಮುಖ್ಯವಾಗಿ ತೋರುವುದು ಆ ಕೊನೆಯ ಮಾತು. ಬಾಲಕರಿಗೆ ಬೇಕಾಗಿದ್ದುದು ಹೊಗೆಯಲ್ಲ, ಸ್ವಾತಂತ್ರ್ಯ. ದೊಡ್ಡವರಾದೆವೆಂಬ ಒಂದು ಗುರುತು. ಆ ಗುರುತನ್ನು ಚಿಕ್ಕಪ್ಪನ ಬಾಯಲ್ಲಿ ಕಂಡರು.

ಹದಿಮೂರು ಹದಿನಾಲ್ಕು ವಯಸ್ಸಾಗುವ ಹೊತ್ತಿಗೆ ಮನೆಯ ಅಧಿಕಾರ ಹಿಂದೆ ಸರಿದು ಗೆಳೆಯರ ಅಧಿಕಾರ ಮುಂದೆ ಬರುತ್ತದೆ. ಮಾಗಡಿಯಲ್ಲಾದರೆ ಕೋಟೆಯ ಗೋಡೆಯ ಮಗ್ಗುಲು, ಕನಕಪುರದಲ್ಲಾದರೆ ಅರ್ಕಾವತಿಯ ದಂಡೆ, ಚನ್ನಪಟ್ಟಣದಲ್ಲಿ ತೆಂಗಿನ ತೋಟ. ಸ್ಥಳ ಬೇರೆಯಾದರೂ ಸಭೆಯ ವಿಧಾನ ಒಂದೇ. ಐದಾರು ಮಂದಿ ಸುತ್ತಲೂ ಕೂರುತ್ತಾರೆ. ಒಂದು ಸಿಗರೇಟು ಕೈಯಿಂದ ಕೈಗೆ ಹೋಗುತ್ತದೆ. ಹೊಸಬನ ಸರದಿ ಬಂದಾಗ ಯಾರೂ ಬಲಾತ್ಕರಿಸುವುದಿಲ್ಲ. ಬಲಾತ್ಕರಿಸಿದ್ದರೆ ಅವನು ಎದ್ದು ಹೋದಾನು. ಎಲ್ಲರೂ ಸುಮ್ಮನೆ ನೋಡುತ್ತಾರೆ. ಆ ನೋಟವೇ ಸಾಕು.

ಮೈಸೂರಿನಲ್ಲಿ ೧೯೩೫ರಲ್ಲಿ ಆಕಾಶವಾಣಿಯನ್ನು ತಮ್ಮ ಮನೆಯಿಂದಲೇ ಮೊದಲುಮಾಡಿದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ಆದುದರಿಂದ ರೇಡಿಯೋ ಭಾಷಣದಲ್ಲಿ ಮನಶ್ಶಾಸ್ತ್ರದ ಮಾತೊಂದು ಬಂದರೆ ಅದು ಹೊರಗಿನ ಅತಿಥಿಯೇನೂ ಅಲ್ಲ. ಅಮೆರಿಕದಲ್ಲಿ ಸಾಲೊಮನ್ ಆಷ್ ಎಂಬ ಪಂಡಿತರು ೧೯೫೧ರಲ್ಲಿ ಪ್ರಕಟಿಸಿದ ಪ್ರಯೋಗ ಹೀಗಿದೆ. ಒಂದು ಗೆರೆಯನ್ನು ತೋರಿಸಿ, ಬೇರೆ ಮೂರು ಗೆರೆಗಳಲ್ಲಿ ಅದಕ್ಕೆ ಸಮವಾದುದು ಯಾವುದೆಂದು ಗುಂಪಿನಲ್ಲಿರುವವರನ್ನು ಒಬ್ಬೊಬ್ಬರಾಗಿ ಕೇಳುವುದು. ಗುಂಪಿನಲ್ಲಿ ಒಬ್ಬನನ್ನು ಬಿಟ್ಟು ಉಳಿದವರೆಲ್ಲರಿಗೂ ತಪ್ಪು ಉತ್ತರ ಹೇಳುವಂತೆ ಮೊದಲೇ ಹೇಳಿಕೊಟ್ಟಿತ್ತು. ಕಣ್ಣೆದುರಿಗೇ ಕಾಣುತ್ತಿದ್ದ ಸತ್ಯವನ್ನು ಬಿಟ್ಟು, ನಾಲ್ವರಲ್ಲಿ ಮೂವರು ಒಮ್ಮೆಯಾದರೂ ಗುಂಪಿನ ತಪ್ಪನ್ನೇ ಅನುಮೋದಿಸಿದರು. ವಯಸ್ಸಿಗೆ ಬಂದ ಕಾಲೇಜು ವಿದ್ಯಾರ್ಥಿಗಳ ಪಾಡು ಇದಾದರೆ, ಅರ್ಕಾವತಿಯ ದಂಡೆಯ ಮೇಲೆ ಕುಳಿತ ಒಂಬತ್ತನೆಯ ತರಗತಿಯವನ ಗತಿಯೇನು? ಆದರೆ ಈ ಪ್ರಯೋಗದಲ್ಲಿ ಇನ್ನೊಂದು ಅಂಶವಿದೆ. ಅದನ್ನು ಹೇಳದೆ ಬಿಡುವುದು ಅನ್ಯಾಯ. ಗುಂಪಿನಲ್ಲಿ ಇನ್ನೊಬ್ಬನೇ ಒಬ್ಬನು ಸರಿಯಾದ ಉತ್ತರವನ್ನು ಹೇಳಿದರೆ ಸಾಕು, ಇವನ ಧೈರ್ಯ ಮರಳುತ್ತಿತ್ತು. ತಪ್ಪಿಗೆ ತಲೆಬಾಗುವುದು ಬಹಳವಾಗಿ ತಗ್ಗುತ್ತಿತ್ತು. ಒಬ್ಬ ಜೊತೆಗಾರ ಸಾಕು.

“ಎಲ್ಲರೂ ಸೇದುತ್ತಾರೆ ಸಾರ್” ಎಂಬುದು ಸಿಕ್ಕಿಬಿದ್ದ ಹುಡುಗನ ಮೊದಲನೆಯ ಸಮಾಧಾನ. ಅವನು ಸುಳ್ಳು ಹೇಳುತ್ತಿರುವುದಿಲ್ಲ, ಹಾಗೆ ನಂಬಿರುತ್ತಾನೆ. ಲೆಕ್ಕ ನೋಡಿದರೋ ಬೇರೆ. ನಾನು ಹೇಳಿದ ೨೦೧೯ರ ಸಮೀಕ್ಷೆಯಲ್ಲಿ ಯಾವುದಾದರೊಂದು ರೂಪದಲ್ಲಿ ತಂಬಾಕನ್ನು ಬಳಸುತ್ತಿದ್ದ ವಿದ್ಯಾರ್ಥಿಗಳು ಇಡೀ ಭಾರತದಲ್ಲಿ ನೂರಕ್ಕೆ ೮.೫, ಕರ್ನಾಟಕದಲ್ಲಿ ೧.೨. ಪ್ರಶ್ನಪತ್ರಿಕೆಯ ಮುಂದೆ ಹುಡುಗರು ಸತ್ಯವನ್ನೇ ಬರೆಯುತ್ತಾರೆಂದು ಉಪಾಧ್ಯಾಯನಾಗಿದ್ದ ನಾನು ಪ್ರಮಾಣಮಾಡಲಾರೆ. ಇದರ ನಾಲ್ಕರಷ್ಟೆಂದು ಇಟ್ಟುಕೊಳ್ಳೋಣ. ಆಗಲೂ ನೂರರಲ್ಲಿ ತೊಂಬತ್ತೈದು ಮಂದಿ ಮುಟ್ಟದವರೇ. ಹೀಗಿದ್ದರೂ ‘ಎಲ್ಲರೂ’ ಎಂಬ ಭ್ರಮೆ ಏಕೆ? ಸೇದುವವನು ಕಣ್ಣಿಗೆ ಬೀಳುತ್ತಾನೆ. ಸೇದದವನು ಸೇದದಿರುವುದು ಯಾರ ಕಣ್ಣಿಗೂ ಬೀಳುವುದಿಲ್ಲ. ಬಸ್ ನಿಲ್ದಾಣದಲ್ಲಿ ನಿಂತ ಐವತ್ತು ಮಂದಿಯಲ್ಲಿ ಇಬ್ಬರ ಬಾಯಲ್ಲಿ ಹೊಗೆಯಿದ್ದರೆ, ಹುಡುಗನ ಮನಸ್ಸಿನಲ್ಲಿ ಅಚ್ಚೊತ್ತುವುದು ಆ ಇಬ್ಬರೇ.

ಆ ಇಬ್ಬರು ಗಂಡಸರಾಗಿರುವುದೂ ಇಲ್ಲಿ ಒಂದು ಮುಖ್ಯ ಸಂಗತಿ. ೨೦೧೧ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕಾಗಿ ಕರ್ನಾಟಕದ ೧,೦೮೭ ಮಂದಿ ವಿದ್ಯಾರ್ಥಿಗಳನ್ನು, ಸೇದುವವರ ವಿಷಯದಲ್ಲಿ ನಿಮ್ಮ ಅಭಿಪ್ರಾಯವೇನೆಂದು ಕೇಳಿದರು. ಬಹುಮಂದಿ ಹೀನಾಯವಾಗಿಯೇ ಬರೆದರು. ಆದರೆ ಸೇದುವ ಹೆಂಗಸಿನ ವಿಷಯದಲ್ಲಿ ನಡತೆಯ ಮಾತು ಬಂದಿತು. ಸೇದುವ ಗಂಡಸಿನ ವಿಷಯದಲ್ಲಿ ಅದೇ ಲೇಖನಿಗಳು ಮೃದುವಾದುವು. ಹೆಣ್ಣುಮಕ್ಕಳಿಗೆ ಅಪಕೀರ್ತಿಯಾಗುವ ವಸ್ತು ಗಂಡುಮಕ್ಕಳಿಗೆ ಪೌರುಷವಾಗುವುದಾದರೆ, ಮೀಸೆ ಮೂಡದ ಹುಡುಗ ಅದನ್ನು ಮೀಸೆಯ ಬದಲಿಗೆ ಧರಿಸುವುದರಲ್ಲಿ ಆಶ್ಚರ್ಯವೇನಿದೆ?

ಸಿನಿಮಾದ ಮಾತನ್ನು ಎತ್ತದೆ ರಾಮನಗರದಿಂದ ಹೊರಡುವಂತಿಲ್ಲ. ೧೯೭೫ರಲ್ಲಿ ತೆರೆಕಂಡ ‘ಶೋಲೆ’ ಚಿತ್ರವನ್ನು ತೆಗೆದದ್ದು ಇಲ್ಲಿಯ ಬಂಡೆಗಳ ನಡುವೆ. ಆ ಬಂಡೆಯ ಮೇಲೆ ಕುಳಿತು ಹೊಗೆಸೊಪ್ಪನ್ನು ಅಂಗೈಯಲ್ಲಿ ತಿಕ್ಕಿ ಬಾಯಿಗೆ ಹಾಕಿಕೊಳ್ಳುವ ಡಕಾಯಿತನನ್ನು ನನ್ನ ವಿದ್ಯಾರ್ಥಿಗಳು ಎಷ್ಟು ಚೆನ್ನಾಗಿ ಅನುಕರಣ ಮಾಡುತ್ತಿದ್ದರೆಂದರೆ, ನನಗೇ ನಗು ತಡೆಯುತ್ತಿರಲಿಲ್ಲ. ಸುಣ್ಣದ ಬದಲು ಸೀಮೆಸುಣ್ಣದ ಪುಡಿ! ಅದೇ ಕಾಲದಲ್ಲಿ ಕನ್ನಡದ ತೆರೆಯ ಮೇಲೆ ರಾಜಕುಮಾರ್ ಅವರು, ತಮ್ಮನ್ನು ನೋಡಿ ಹುಡುಗರು ಕಲಿಯುತ್ತಾರೆಂಬ ಎಚ್ಚರಿಕೆಯಿಂದ, ಸೇದುವ ಕುಡಿಯುವ ನಾಯಕನ ಪಾತ್ರಗಳಿಂದ ಬಹುಮಟ್ಟಿಗೆ ದೂರವುಳಿದರೆಂಬುದನ್ನೂ ಹೇಳಬೇಕು. ೨೦೧೨ರಿಂದ ಇಂತಹ ದೃಶ್ಯ ಬಂದಾಗಲೆಲ್ಲ ತೆರೆಯ ಕೆಳಗೆ ಎಚ್ಚರಿಕೆಯ ವಾಕ್ಯವೊಂದು ಕಾಣಿಸುತ್ತದೆ. ನಾಯಕನ ಮುಖವನ್ನು ಬಿಟ್ಟು ಆ ವಾಕ್ಯವನ್ನು ಓದುವ ಹುಡುಗನನ್ನು ನಾನು ಇನ್ನೂ ನೋಡಬೇಕಾಗಿದೆ.

ಕಾನೂನಿಗೆ ಕೊರತೆಯಿಲ್ಲ. ೨೦೦೩ರ ಕೇಂದ್ರ ಶಾಸನದ ಪ್ರಕಾರ ವಿದ್ಯಾಸಂಸ್ಥೆಯ ಸುತ್ತ ೧೦೦ ಗಜದೊಳಗೆ ತಂಬಾಕು ಮಾರಕೂಡದು. ೨೦೧೫ರ ಬಾಲನ್ಯಾಯ ಶಾಸನದಂತೆ ಮಗುವಿನ ಕೈಗೆ ತಂಬಾಕು ಕೊಟ್ಟವನಿಗೆ ೭ ವರ್ಷದವರೆಗೆ ಸೆರೆಮನೆ, ೧ ಲಕ್ಷ ರೂಪಾಯಿಯವರೆಗೆ ಜುಲ್ಮಾನೆ. ಪೊಟ್ಟಣ ಒಡೆದು ಬಿಡಿಯಾಗಿ ಸಿಗರೇಟು ಮಾರಬಾರದೆಂದು ಕರ್ನಾಟಕ ಸರ್ಕಾರ ೨೦೧೭ರಲ್ಲಿಯೇ ಆಜ್ಞೆಮಾಡಿತು. ೨೦೨೫ರಲ್ಲಿ ಜಾರಿಗೆ ಬಂದ ರಾಜ್ಯದ ತಿದ್ದುಪಡಿ ಅದನ್ನು ಶಾಸನಕ್ಕೆ ಸೇರಿಸಿ, ಕೊಳ್ಳುವವನ ವಯಸ್ಸಿನ ಮಿತಿಯನ್ನು ೧೮ರಿಂದ ೨೧ಕ್ಕೆ ಏರಿಸಿತು. ಇವುಗಳಲ್ಲಿ ಬಿಡಿ ಮಾರಾಟದ ನಿಷೇಧವನ್ನು ನಾನು ಎಲ್ಲಕ್ಕಿಂತ ಬೆಲೆಯುಳ್ಳದ್ದೆಂದು ಎಣಿಸುತ್ತೇನೆ. ಪೊಟ್ಟಣ ಕೊಳ್ಳುವಷ್ಟು ಹಣ ಹುಡುಗನ ಬಳಿ ಇರುವುದಿಲ್ಲ. ಕೊಂಡರೂ ಬಚ್ಚಿಡಲು ಸ್ಥಳವಿರುವುದಿಲ್ಲ. ಒಂಟಿ ಸಿಗರೇಟಾದರೋ ಬಸ್ಸಿನ ಚಿಲ್ಲರೆಯಲ್ಲಿ ಬರುತ್ತದೆ, ಮನೆ ಸೇರುವ ಮೊದಲೇ ಬೂದಿಯಾಗುತ್ತದೆ. ಪೆನ್ಸಿಲು, ಚಕ್ಕುಲಿ, ನೋಟುಬುಕ್ಕುಗಳ ಜೊತೆಯಲ್ಲಿಯೇ ಅದನ್ನೂ ಮಾರುವ ಅಂಗಡಿಯಾತ ಕ್ರೂರನೇನೂ ಅಲ್ಲ. ಹುಡುಗ “ನಮ್ಮಪ್ಪಂಗೆ” ಎಂದರೆ ಅವನು ನಂಬಿ ಕೊಡುತ್ತಾನೆ. ನಂಬದಿರುವುದಕ್ಕೆ ಅವನಿಗೆ ಕಾರಣವೂ ಇಲ್ಲ. ಅಪ್ಪ ಕಳುಹಿಸಿದ ದಿನಗಳು ಎಷ್ಟೋ ಇವೆ. ಕಾನೂನು ಅಂಗಡಿಯ ಬಾಗಿಲಲ್ಲಿ ಸೋಲುವುದು ಈ ಒಂದು ಮಾತಿನಿಂದ.

ಹಾಗಾದರೆ ಮಾಡತಕ್ಕದ್ದೇನು? ಬೆತ್ತದಿಂದ ಆಗುವುದಿಲ್ಲವೆಂಬುದಕ್ಕೆ ನಾನೇ ಸಾಕ್ಷಿ. ವೇಲ್ಸಿನಲ್ಲಿಯೂ ಇಂಗ್ಲೆಂಡಿನ ಪಶ್ಚಿಮ ಭಾಗದಲ್ಲಿಯೂ ಒಟ್ಟು ೫೯ ಶಾಲೆಗಳಲ್ಲಿ ನಡೆದು ೨೦೦೮ರಲ್ಲಿ ಫಲಿತಾಂಶ ಪ್ರಕಟವಾದ ಒಂದು ಪ್ರಯತ್ನ ನನಗೆ ಬಹಳ ಹಿಡಿಸಿತು. ಅಲ್ಲಿ ಹನ್ನೆರಡು ಹದಿಮೂರು ವಯಸ್ಸಿನ ಮಕ್ಕಳನ್ನೇ, ನಿಮ್ಮಲ್ಲಿ ನೀವು ಯಾರ ಮಾತನ್ನು ಕೇಳುತ್ತೀರಿ ಎಂದು ವಿಚಾರಿಸಿದರು. ಉಪಾಧ್ಯಾಯರು ಆರಿಸಲಿಲ್ಲ. (ಆರಿಸಿದ್ದರೆ ಮೊದಲನೆಯ ಬೆಂಚಿನವರನ್ನೇ ಆರಿಸುತ್ತಿದ್ದರು.) ಹೀಗೆ ಮಕ್ಕಳು ಹೆಸರಿಸಿದವರಿಗೆ ಎರಡು ದಿನ ಶಿಕ್ಷಣ ಕೊಟ್ಟು ಹಿಂದಕ್ಕೆ ಕಳುಹಿಸಿದರು. ಅವರು ಭಾಷಣ ಮಾಡಲಿಲ್ಲ. ಆಟದ ಬಯಲಿನಲ್ಲಿ, ಬಸ್ಸಿನಲ್ಲಿ, ಊಟದ ಹೊತ್ತಿನಲ್ಲಿ ಗೆಳೆಯರೊಡನೆ ಮಾತಿನ ನಡುವೆ ಮಾತಾಗಿ ವಿಷಯವನ್ನು ತಂದರು. ಪವಾಡವೇನೂ ನಡೆಯಲಿಲ್ಲ, ಆದರೂ ಹೊಸದಾಗಿ ಸೇದತೊಡಗುವವರ ಸಂಖ್ಯೆ ಆ ಶಾಲೆಗಳಲ್ಲಿ ಕಡಿಮೆಯಾಯಿತು. ನಮ್ಮಲ್ಲಿಯೂ ಪ್ರತಿ ತರಗತಿಯಲ್ಲೂ ಅಂತಹ ಹುಡುಗನೊಬ್ಬನಿರುತ್ತಾನೆ: ಕಬಡ್ಡಿಯ ತಂಡಕ್ಕೆ ನಾಯಕನೋ, ನಗಿಸುವವನೋ, ತಂದೆಯ ಮಗ್ಗುಲಲ್ಲಿ ಕುಳಿತು ಬೊಂಬೆ ಕಡೆಯುವುದನ್ನು ಕಲಿತ ಕೈಗಾರನೋ. ನನ್ನ ತರಗತಿಯಲ್ಲಿ ಅವನು ಯಾರಾಗಿದ್ದನೆಂಬುದು ನನಗೆ ಗೊತ್ತಿತ್ತು. ನಾನು ಅವನನ್ನು ಅಂಗಡಿಗೆ ಕಳುಹಿಸಿದೆ.

ಬೆತ್ತ ಹಿಡಿದ ಆ ದಿನದ ಮೇಲೆ ನಾನು ಸಿಗರೇಟನ್ನು ಬಿಟ್ಟೆನೆಂದು ಹೇಳಿದರೆ ಕಥೆ ಚೆನ್ನಾಗಿರುತ್ತದೆ, ಆದರೆ ನಿಜವಲ್ಲ. ಬಿಡಲು ಇನ್ನೂ ಆರು ವರ್ಷ ಹಿಡಿಯಿತು. ಹುಡುಗನನ್ನು ಕಳುಹಿಸುವುದನ್ನು ಮಾತ್ರ ಅಂದೇ ನಿಲ್ಲಿಸಿದೆ.

ಕೆಲವು ವರ್ಷಗಳ ಹಿಂದೆ ಅವನನ್ನು ರಾಮನಗರದ ಗೂಡಿನ ಮಾರುಕಟ್ಟೆಯ ಹೊರಗೆ ಕಂಡೆ. ನೂಲು ಬಿಚ್ಚುವ ಕೆಲಸ ಇಟ್ಟುಕೊಂಡಿದ್ದಾನಂತೆ. ಗೂಡು ಕೊಳ್ಳಲು ಬಂದಿದ್ದ. ತಲೆ ಅರ್ಧ ನರೆತಿತ್ತು. ನನ್ನನ್ನು ನೋಡಿದೊಡನೆ ಕೈಯಲ್ಲಿದ್ದ ಬೀಡಿಯನ್ನು ಬೆನ್ನ ಹಿಂದಕ್ಕೆ ಮರೆಮಾಡಿ, “ನಮಸ್ಕಾರ ಸಾರ್” ಎಂದ. ಹಿಂದೆ ಹೈಸ್ಕೂಲಿನ ಸಮವಸ್ತ್ರದಲ್ಲಿ ಅವನ ಮಗ ನಿಂತಿದ್ದ. ನನಗೆ ಮರೆಯಾದ ಬೀಡಿ ಅವನ ಕಣ್ಣೆದುರಿಗಿತ್ತು. ಬಹಳ ದಿನದಿಂದ ಹೇಳಬೇಕೆಂದಿದ್ದುದನ್ನು ಅಂದು ಹೇಳಿದೆ: “ಅಂಗಡಿಗೆ ಕಳಿಸಿದ್ದು ನನ್ನ ತಪ್ಪಪ್ಪ.” ಅವನು ನಕ್ಕು, “ಅಯ್ಯೋ ಬಿಡಿ ಸಾರ್, ನೀವು ಕಳಿಸ್ದೆ ಇದ್ದಿದ್ರೆ ನಮ್ಮಪ್ಪ ಕಳಿಸ್ತಿರ್ಲಿಲ್ವಾ?” ಎಂದ. ಜೇಬಿನಿಂದ ಹಣ ತೆಗೆದು ಮಗನ ಕೈಗಿತ್ತು, “ಮೇಷ್ಟ್ರಿಗೊಂದು ಕಾಫಿ ತಗೊಂಬಾ” ಎಂದ. ಹುಡುಗ ನಾಲ್ಕು ಹೆಜ್ಜೆ ಹೋದವನು ತಿರುಗಿ ನಿಂತು, “ಕಾಫಿ ಮಾತ್ರಾನಾಪ್ಪ?” ಎಂದು ಕೇಳಿದ.

ತಂದೆ ಒಂದು ನಿಮಿಷ ಸುಮ್ಮನಿದ್ದು, “ಹೂಂ, ಕಾಫಿ ಮಾತ್ರ” ಎಂದ.